ಕೆಂಪು ನೀರಿನ ಡಂಗುರ

ಗೆಳೆಯರೇ, ಬೆಳಗಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಪಕ್ಕದೂರಿನಲ್ಲಿ ವಾಂತಿಭೇದಿ ಬಂದಿದೆಯೆಂದು, ಮುಳಬಾಗಿಲಿನಿಂದ ಬಂದ ಆರೋಗ್ಯದ ಇನ್‌ಸ್ಪೆಕ್ಟರು ನಮ್ಮ ಬಾವಿಗೆ ಔಷಧಿ ಹಾಕಿಸಿದರು. ನೀರು ಕೆಂಪಗಾಯಿತು. ಆಮೇಲೆ ತಮಟೆಯವನಿಂದ ಡಂಗುರ ಸಾರಿಸಿದರು. ಮೊದಲು ಸರ್ಕಾರದ ಬಿರುದು, ಆಮೇಲೆ ಅಮಲ್ದಾರರ ಹುದ್ದೆ, ಆಮೇಲೆ ಇನ್‌ಸ್ಪೆಕ್ಟರದು. ಆ ನೀರನ್ನೇ ಕುಡಿಯಬೇಕೆಂಬ ಮಾತು ಕಟ್ಟಕಡೆಗೆ ಇತ್ತು. ಅಲ್ಲಿಯವರೆಗೆ ಕೆಲಸ ಬಿಟ್ಟು ನಿಲ್ಲುವವರು ಯಾರು?

ಪಕ್ಕದ ಮನೆಯ ಮುನಿಯಕ್ಕ ಬಾವಿಯಲ್ಲಿ ಇಣುಕಿ, "ಅಯ್ಯೋ ದೇವುಡಾ, ರಕ್ತ ಇದ್ದಂಗೈತೆ! ಮಗೂಗೆ ಇದನ್ನ ಕುಡಿಸ್ಲಾ?" ಎಂದು ದನ ತೊಳೆಯುವ ಕೊಳಕು ನೀರಿನ ಕುಂಟೆಯ ಕಡೆ ಕೊಡ ಹೊತ್ತು ನಡೆದಳು.

ಇನ್‌ಸ್ಪೆಕ್ಟರಿಗೆ ಮೆಲ್ಲಗೆ ಹೇಳಿದೆ: "ಸ್ವಾಮಿ, ಕುಡಿಯೋ ಮಾತು ಮೊದಲು ಹೇಳಿಸಿ."

"ಸಾರೋದಕ್ಕೂ ಒಂದು ಕ್ರಮ ಇದೆಯಯ್ಯ," ಎಂದರು. ತಮಟೆಯವನು ಮತ್ತೆ ಬಿರುದುಗಳಿಂದಲೇ ಶುರುಮಾಡಿದ.

ನಾಲ್ಕು ಜನರೆದುರು ಬಾಯಿ ಬಿಡದ ನಾನು ಕುಂಟೆಗೆ ಓಡಿಹೋಗಿ ಕೂಗಿದೆ: "ಅಕ್ಕಾ, ಕೆಂಪು ನೀರೇ ಕುಡೀರಿ, ಅದು ಔಷಧಿ! ಕುಂಟೆ ನೀರು ಕುಡಿದ್ರೆ ವಾಂತಿಭೇದಿ ಬರ್ತೈತೆ!"

ಮುನಿಯಕ್ಕ ತುಂಬಿದ ಕೊಡವನ್ನು ಅಲ್ಲೇ ಚೆಲ್ಲಿದಳು.

ಹಿಂದಿನಿಂದ ಇನ್‌ಸ್ಪೆಕ್ಟರು ಗದರಿದರು: "ಸರ್ಕಾರದ ಡಂಗುರ ನಡೀತಿರುವಾಗ ಏನಯ್ಯ ಗಲಾಟೆ?"

ಇವತ್ತು ಊರಿಗೆ ಅರ್ಥವಾದದ್ದು ಆ ಗಲಾಟೆಯೊಂದೇ.