ಬಿಳಿ ಬಾಟಲಿ ಮತ್ತು ಚಂಪವ್ವಾಯಿ

ಚಂಪವ್ವಾಯಿ ಬಾಗಿಲಲ್ಲಿ ಕಂಡರೆ ಸಾಕು, ನಮ್ಮ ಆಸ್ಪತ್ರೆಯ ಪಕ್ಕದ ಔಷಧಿ ಅಂಗಡಿಯವನು ಕನ್ನಡಕ ಹುಡುಕಲು ಶುರು ಮಾಡುತ್ತಿದ್ದ. ಯಾವ ಬಾಟಲಿಯೇ ಆಗಲಿ, ಅದರ ಮೇಲಿನ ಇರುವೆಯಂಥ ಅಕ್ಷರಗಳನ್ನೆಲ್ಲ ಓದಿ ಹೇಳಿಸಿಕೊಳ್ಳದೆ ಅವರು ಅದನ್ನು ಕೈಯಲ್ಲೂ ಹಿಡಿಯುತ್ತಿರಲಿಲ್ಲ. “ಇದರಾಗ ಏನೇನ ಹಾಕ್ಯಾರ ಹೇಳ್ರಿ. ಹೊಟ್ಟಿಗೆ ಹಾಕೊಳ್ಳೂದು ನಾವು, ತಿಳಕೊಂಡ ಹಾಕೋತೀವಿ” ಎನ್ನುತ್ತಿದ್ದರು.

ತೇರದಾಳದ ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಕುಡಿಯುವ ನೀರು ಬಟ್ಟೆಯಲ್ಲಿ ಸೋಸಿರಬೇಕು, ಈರುಳ್ಳಿ ಹೊಸ್ತಿಲು ದಾಟುವಂತಿಲ್ಲ. ಜಮಖಂಡಿಯಲ್ಲಿ ನಾನು ಮಕ್ಕಳ ಆಸ್ಪತ್ರೆ ಇಟ್ಟ ಹೊಸತರಿಂದಲೂ ಕೆಮ್ಮು, ಜ್ವರ, ಗಂಟಲುನೋವು ಎಂದು ಮೊಮ್ಮಕ್ಕಳಲ್ಲಿ ಯಾರನ್ನಾದರೂ ಕಂಕುಳಲ್ಲಿ ಇರುಕಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಗಿಡ್ಡ ಆಳು, ತಲೆತುಂಬ ಸೆರಗು, ನಡಿಗೆ ಮಾತ್ರ ಪೊಲೀಸರದು. ನನ್ನ ಮೇಲೆ ಪ್ರೀತಿ ಬಹಳ. “ಶಾಣ್ಯಾ ಇದ್ದೀರಿ ಬಾಯಾರ, ಉಳ್ಳಾಗಡ್ಡಿ ಒಂದ ಬಿಟ್ರ ನಿಮ್ಮಂಥಾಕಿ ಇಲ್ಲ” ಎಂದು ಎಲ್ಲರೆದುರೇ ಹೇಳಿಬಿಡುವರು.

ಒಮ್ಮೆ ದೊಡ್ಡ ಮೊಮ್ಮಗನಿಗೆ ಕ್ಯಾಪ್ಸೂಲ್ ಬರೆದುಕೊಟ್ಟೆ. ಅದನ್ನು ಬೆರಳಲ್ಲಿ ಉರುಳಿಸಿ ನೋಡಿ, “ಒಳಗಿನ ಪುಡಿ ಔಷಧ ಅನ್ನೂದು ಖರೆ. ಹೊರಗಿನ ಈ ಟೊಪಗಿ ಯಾತರದು?” ಎಂದು ಕೇಳಿದರು. ಓದುವ ಕಾಲದಲ್ಲಿ ಸಾವಿರ ಪ್ರಶ್ನೆ ಎದುರಿಸಿದ್ದೆ, ಇದೊಂದನ್ನು ಯಾವ ಪ್ರೊಫೆಸರರೂ ಕೇಳಿರಲಿಲ್ಲ. ಪುಸ್ತಕ ತೆಗೆದು ನೋಡಿ, ಪ್ರಾಣಿಗಳ ಮೂಳೆ ಚರ್ಮದಿಂದ ಮಾಡುತ್ತಾರೆ ಎಂದೆ. ಅವರು ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಟೊಪ್ಪಿಗೆ ಬಿಚ್ಚಿ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಕುಡಿಸಿದರು. ಹುಡುಗ ಕಹಿಗೆ ಆಸ್ಪತ್ರೆ ಹಾರಿಹೋಗುವಂತೆ ಕೂಗಿದ. “ಚೀರಲೇ, ಚೀರಿದ್ರ ಬೇಸಿ ಒಳಗ ಹೋಗತೈತಿ” ಎಂದರು. ಅಂದಿನಿಂದ ಅವರಿಗೆ ಏನು ಕೊಟ್ಟರೂ ಮೊದಲೇ ತಿಳಿದುಕೊಂಡು ಕೊಡುವ ಅಭ್ಯಾಸ ನನಗಾಯಿತು.

ಚಂಪವ್ವಾಯಿಯ ಮಗಳು ಸುಜಾತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ದಿನ ತುಂಬುವ ಎಷ್ಟೋ ಮೊದಲೇ ಹೆತ್ತಳು. ಹೆಣ್ಣು ಕೂಸು. ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ತೊಗಲಿನ ಕೆಳಗೆ ಕೊಬ್ಬು ಎಂಬುದೇ ಇರಲಿಲ್ಲ. ಕೂಸುಗಳು ಕೊಬ್ಬು ಕಟ್ಟಿಕೊಳ್ಳುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ, ಇವಳಿಗೆ ಆ ತಿಂಗಳುಗಳೇ ಸಿಕ್ಕಿರಲಿಲ್ಲ. ತಾಯಿಯ ಹಾಲನ್ನು ನಳಿಗೆಯಲ್ಲಿ ಹನಿಹನಿ ಬಿಟ್ಟರೆ ಹೊಟ್ಟೆ ಉಬ್ಬಿ ಹಸಿರು ಕಾರಿತು. ಬಾಯಿಯ ದಾರಿ ಮುಚ್ಚಿತು. ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸೋಣವೆಂದರೆ ದಾರಿಯಲ್ಲೇ ಕೈತಪ್ಪುವ ಭಯ. ನರಕ್ಕೆ ಸಕ್ಕರೆ ನೀರು ಏರಿಸಿದೆ. ಆದರೆ ಸಕ್ಕರೆಯೊಂದೇ ಎಷ್ಟು ದಿನ? ಕೂಸು ದಿನದಿಂದ ದಿನಕ್ಕೆ ಕರಗುತ್ತಿತ್ತು.

ಆಗ ಅಳಿಯ ನಾನು ಹೇಳಿದಂತೆ ಮಿರಜಿಗೆ ಹೋಗಿ ಬಿಳಿ ಬಾಟಲಿ ತಂದ. ನರಕ್ಕೇ ಕೊಡುವ ಕೊಬ್ಬು. ನೋಡಿದರೆ ಥೇಟ್ ಹಾಲು. ಸುಜಾತಾಳ ಮಂಚದ ಬಳಿ ನಿಂತು ಅದನ್ನು ತೋರಿಸಿದೆ.

“ಹಾಲೇನ್ರಿ ಬಾಯಾರ?” ಎಂದರು ಚಂಪವ್ವಾಯಿ.

“ಅಲ್ಲ ಆಯಿ, ಎಣ್ಣಿ. ಸೋಯಾ ಕಾಳಿನ ಎಣ್ಣಿ, ನೀರಾಗ ಕೂಡಿಸ್ಯಾರ.”

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ಓರೆ ಮಾಡಿದರು. “ಎಣ್ಣಿ ನೀರಿನ ಮ್ಯಾಲ ತೇಲತೈತಿ. ಇದ್ಯಾಕ ತೇಲವಲ್ದು?”

ಅತ್ತೆಯ ಹಿಂದೆ ನಿಂತಿದ್ದ ಅಳಿಯ ಕೈ ಜೋಡಿಸಿ, ಹೇಳಬೇಡಿ ಎಂದು ತಲೆಯಾಡಿಸಿದ. ಬಾಟಲಿಯ ಮೇಲಿನದನ್ನು ಅವನು ಓದಿಕೊಂಡೇ ಬಂದಿದ್ದ. ಅವನ ಕಣ್ಣಲ್ಲಿ ನೀರಿತ್ತು. ಆದರೆ ಕ್ಯಾಪ್ಸೂಲಿನ ಟೊಪ್ಪಿಗೆಗೂ ಖರೆ ಹೇಳಿಸಿಕೊಂಡವರಿಗೆ ಕೂಸಿನ ರಕ್ತಕ್ಕೆ ಹೋಗುವುದರ ಬಗ್ಗೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ.

“ಎಣ್ಣಿ ಸಣ್ಣ ಸಣ್ಣ ಕಣ ಆಗಿ ನೀರಾಗ ನಿಲ್ಲಬೇಕಂದ್ರ ಒಂದು ವಸ್ತು ಬೇಕು ಆಯಿ. ಅದನ್ನ ತತ್ತಿ ಒಳಗಿನ ಹಳದಿ ಭಾಗದಿಂದ ತಗೀತಾರ.”

ಮಗಳು ಗೋಡೆಯ ಕಡೆ ಮುಖ ಮಾಡಿ, “ಅವ್ವ ಹೂಂ ಅಂದ್ರ ನಂದೂ ಹೂಂ” ಎಂದಳು. ಚಂಪವ್ವಾಯಿ ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ತುಟಿ ಅಲುಗುತ್ತಿತ್ತು, ಜಪವೋ ಲೆಕ್ಕಾಚಾರವೋ ತಿಳಿಯಲಿಲ್ಲ. ಒಳಗೆ ಬಂದಾಗ ದನಿ ಎಂದಿನಂತೆಯೇ ಇತ್ತು.

“ಬ್ಯಾರೆ ಯಾವುದೂ ಇಲ್ಲೇನು?”

“ನನಗ ಸಿಗೂವಂಥಾದ್ದು ಇಲ್ಲ.”

“ಇದನ್ನ ಹಾಕಿದ್ರ ಉಳೀತೈತಿ ಅಂತೀರೇನು?”

“ಹಂಗ ಮಾತು ಕೊಡಾಕ ಆಗೂದಿಲ್ಲ. ಹಾಕದಿದ್ರ ಉಳಿಯೂದು ಕಠಿಣ ಐತಿ.”

“ಹಾಕ್ರಿ” ಎಂದರು. “ಕೂಸು ಬೇಡಿಲ್ಲ. ಇಕಿನೂ ಬೇಡಿಲ್ಲ. ಹಾಕ್ರಿ ಅಂದಾಕಿ ನಾ. ಏನಿದ್ರೂ ನನ್ನ ತಲಿಮ್ಯಾಲಿರ್ಲಿ.”

ಮರುದಿನ ಮಧ್ಯಾಹ್ನ ಅವರ ಬುತ್ತಿ ನೋಡಿದೆ. ತುಪ್ಪವಿಲ್ಲದೆ ತುತ್ತು ಎತ್ತದವರು ಒಣ ರೊಟ್ಟಿಗೆ ಬೇಯಿಸಿದ ಬೇಳೆ ಹಚ್ಚಿಕೊಂಡು ತಿನ್ನುತ್ತಿದ್ದರು. ಒಗ್ಗರಣೆ ಇಲ್ಲ. ಶೇಂಗಾ ಚಟ್ನಿಪುಡಿಯಲ್ಲೂ ಎಣ್ಣೆ ಇರುತ್ತದೆಂದು ಅದನ್ನೂ ಬಿಟ್ಟಿದ್ದರು. ಕೇಳಿದರೆ, “ಆ ಬಾಟಲಿ ನಡೀತಿರೂತನಕ ನನಗ ಎಣ್ಣಿ ತುಪ್ಪ ತ್ಯಾಗ. ಅಷ್ಟ” ಎಂದರು. ನಮ್ಮ ನರ್ಸ್ ಆ ದಿನ ತನ್ನ ಡಬ್ಬಿ ತೆರೆಯಲೇ ಇಲ್ಲ.

ನರದಲ್ಲಿ ಕೊಟ್ಟ ಕೊಬ್ಬನ್ನು ಕೂಸು ಅರಗಿಸಿಕೊಳ್ಳುವುದು ಹೊಟ್ಟೆಯಲ್ಲಲ್ಲ. ರಕ್ತನಾಳಗಳ ಗೋಡೆಯಲ್ಲಿರುವ ಒಂದು ರಸ ಎಣ್ಣೆಯ ಕಣಗಳನ್ನು ಒಡೆದರೆ ಮಾತ್ರ ಅದು ಮೈಗೆ ಹತ್ತುತ್ತದೆ. ಬೇಗ ಹುಟ್ಟಿದ ಕೂಸಿನಲ್ಲಿ ಆ ರಸ ಕಡಿಮೆ, ಅವಸರ ಮಾಡಿದರೆ ಎಣ್ಣೆ ರಕ್ತದಲ್ಲೇ ಉಳಿದು ಉಸಿರಿಗೆ ಕುತ್ತು. ಅದಕ್ಕೇ ದಿನವಿಡೀ ಸಾವಕಾಶ ಬಿಡುವುದು. ನಡುವೆ ಹನಿ ರಕ್ತವನ್ನು ತೆಳ್ಳನೆಯ ಗಾಜಿನ ಕೊಳವೆಯಲ್ಲಿ ತೆಗೆದು, ಯಂತ್ರದಲ್ಲಿ ಗರಗರ ತಿರುಗಿಸಿ, ಕಿಟಕಿಗೆ ಹಿಡಿದು ನೋಡುತ್ತಿದ್ದೆ. ಕೆಂಪು ತಳಕ್ಕಿಳಿದ ಮೇಲೆ ನಿಲ್ಲುವ ನೀರು ತಿಳಿಯಾಗಿದ್ದರೆ ಕೂಸು ಅರಗಿಸಿಕೊಂಡಿದೆ, ಅಕ್ಕಿ ತೊಳೆದ ನೀರಿನಂತಿದ್ದರೆ ಇಲ್ಲ. ಇದನ್ನು ಚಂಪವ್ವಾಯಿಗೆ ಒಮ್ಮೆ ಹೇಳಿದ್ದೇ ತಡ, ಪ್ರತಿಸಲ ನನ್ನ ಹೆಗಲ ಬಳಿ ಬಂದು ನಿಲ್ಲತೊಡಗಿದರು.

ಮೊದಲೆಲ್ಲ ತಿಳಿಯಿತ್ತು. ಬಾಟಲಿಯ ಹನಿ ಸ್ವಲ್ಪ ಹೆಚ್ಚಿಸಿದ ಮರುದಿನ ಕೊಳವೆಯ ನೀರು ಬೆಳ್ಳಗೆ ಮಬ್ಬಾಯಿತು. ನಿಲ್ಲಿಸಿದೆ. ಚಂಪವ್ವಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ಕಂಡದ್ದು ಆಗ ಮಾತ್ರ.

“ಕೂಸು ಒಲ್ಲೆ ಅಂತೈತೇನ್ರಿ? ಇಂಥಾದ್ದು ನನಗ ಬ್ಯಾಡ ಅಂತೈತೇನು?”

“ಒಲ್ಲೆ ಅನ್ನವಲ್ದು ಆಯಿ. ಸಾವಕಾಶ ಕೊಡ್ರಿ ಅನ್ನಾಕತ್ತೇತಿ.”

ಅವರ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದೆ. ನಾನೂ ಕೂತೆ. ಮಾತಿಗೆ ಹೇಳಿದ್ದೆನೇ ಹೊರತು ನನಗೂ ಖಾತ್ರಿ ಇರಲಿಲ್ಲ. ಕೊಳವೆ ಮತ್ತೆ ತಿಳಿಯಾದ ಮೇಲೆ ಅರ್ಧಕ್ಕೆ ಇಳಿಸಿ ಶುರು ಮಾಡಿದೆವು. ಈ ಸಲ ನೀರು ಮಬ್ಬಾಗಲಿಲ್ಲ. ಕೊಳವೆ ನೋಡಿ ಚಂಪವ್ವಾಯಿ, “ಬೆಣ್ಣಿ ಕಾಸಿದ ಮ್ಯಾಲ ತುಪ್ಪ ಹಿಂಗ ಕಾಣತೈತಿ ನೋಡ್ರಿ” ಎಂದರು, ಹಾಗೆಂದು ತಾವೇ ನಕ್ಕರು. ದಿನ ಕಳೆದಂತೆ ಕೂಸಿನ ತೊಡೆಯಲ್ಲಿ ಒಂದು ಸಣ್ಣ ಮಡಿಕೆ ಮೂಡಿತು. ಹೊಟ್ಟೆ ಮೆತ್ತಗಾಯಿತು. ತಾಯಿಯ ಹಾಲು ಒಳಗೆ ನಿಂತಿತು. ಬಾಟಲಿ ಇಳಿಸಿದೆವು.

ಆ ಕೂಸು ಶಾಲೆಗೆ ಹೋಗುವಷ್ಟಾದಾಗ ಚಂಪವ್ವಾಯಿ ಅವಳನ್ನು ಕರೆದುಕೊಂಡು ಬಂದರು. ಜ್ವರವಿಲ್ಲ, ಕೆಮ್ಮಿಲ್ಲ. ಅವರೇ ಸೋತಿದ್ದರು, ಮೆಟ್ಟಿಲು ಏರಿ ಬಹಳ ಹೊತ್ತು ದಮ್ಮು ತಗೊಂಡರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಮಳೆಗಾಲಕ್ಕೆ ಮುಂಚೆ ಹೋದರೆಂದು ಅಳಿಯ ಬಂದು ಹೇಳಿದ.

“ಇಕಿಗೆ ಎಲ್ಲಾ ಹೇಳ್ರಿ ಬಾಯಾರ” ಎಂದರು ಚಂಪವ್ವಾಯಿ ಆ ದಿನ. “ನಾಳೆ ಯಾರರ ಒಬ್ಬರು ಆಡಿ ತೋರಿಸ್ತಾರ. ಅದಕ್ಕಿಂತ ಮೊದಲ ನಿಮ್ಮ ಬಾಯಿಲೆ ಕೇಳ್ಲಿ, ನಾ ಮುಂದ ಇದ್ದಾಗ.”

ಹೇಳಿದೆ. ಸೋಯಾ ಎಣ್ಣೆ, ತತ್ತಿಯ ಹಳದಿ, ಎಲ್ಲ. ಹುಡುಗಿ ಎರಡು ಜಡೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು ಕೇಳಿದಳು. ತನ್ನ ಮೊಣಕೈಯ ನರವನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಆಮೇಲೆ ನನ್ನನ್ನು ಬಿಟ್ಟು ಅಜ್ಜಿಯ ಕಡೆ ತಿರುಗಿದಳು.

“ನಿನಗ ಬ್ಯಾಡಾಗಿತ್ತಲ್ಲ ಆಯಿ, ಮತ್ಯಾಕ ಹಾಕ್ರಿ ಅಂದಿ?”

ಚಂಪವ್ವಾಯಿ ಅವಳ ಜಡೆಯ ರಿಬ್ಬನ್ ಬಿಗಿ ಮಾಡುತ್ತ ಹೇಳಿದರು:

“ನೀ ಬೇಕಾಗಿದ್ದಿ ಯವ್ವಾ.”