ಊಟದ ಮೇಲೆ ಅರ್ಧ ದಿರ್ಹಮ್

ನಮ್ಮ ಮ್ಯಾನೇಜರರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹಿಂದೆ ದೋಸೆಗೆ ನಿಂತಿದ್ದಾಗ ಕಾವಲಿಗೆ ತಾಗಿ ಹೋದದ್ದು. ಗಲ್ಫಿನಲ್ಲಿ, ಹಮ್ದಾನ್ ಸ್ಟ್ರೀಟಿನ ನಮ್ಮ ಹೋಟೆಲಿಗೆ ಬೆಳಗ್ಗೆ ಆರಕ್ಕೇ ಬಂದು, ಸಾರಿನ ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕುವರು. ಉಪ್ಪು ಸರಿಯಿದ್ದರೆ ಮಾತಿಲ್ಲ. ಹೆಚ್ಚಾದರೆ, "ಭಟ್ರೇ, ಸಮುದ್ರ ಹೊರಗೆ ಉಂಟು, ಪಾತ್ರೆಗೆ ಬೇಡ!"

ಕ್ಯಾಶಿನಲ್ಲಿ ನಾನು ಕೂರುತ್ತಿದ್ದೆ. ೨೦೧೮ರ ಜನವರಿಯಲ್ಲಿ ಇಲ್ಲಿ ಮೊದಲ ಸಲ ಊಟಕ್ಕೂ ಶೇಕಡ ಐದು ತೆರಿಗೆ ಬಂತು. ಮಂಗಳೂರಿನ ಹೋಟೆಲುಗಳಲ್ಲಿ ಬಿಲ್ಲಿನ ಕೆಳಗೆ ತೆರಿಗೆಯನ್ನು ಬೇರೆಯಾಗಿ ಸೇರಿಸುವುದನ್ನು ರಜೆಯಲ್ಲಿ ನೋಡಿ ಬಂದಿದ್ದೆ. ಇಲ್ಲೂ ಹಾಗೆಯೇ ಎಂದುಕೊಂಡು, ಯಾರನ್ನೂ ಕೇಳದೆ ಬಿಲ್ಲಿನ ಮೆಷಿನಿಗೆ ಹಾಕಿಸಿದೆ. ಇಲ್ಲಿಯ ಕಾನೂನು ಬೇರೆ: ಬೋರ್ಡಿನಲ್ಲಿ ಬರೆದ ಬೆಲೆಯೊಳಗೇ ತೆರಿಗೆ ಸೇರಿರಬೇಕು. ಮ್ಯಾನೇಜರರು ಓದಲು ಕೊಟ್ಟಿದ್ದ ಆ ನಿಯಮದ ಕಾಗದವನ್ನು ನಾನು ಬಿಡಿಸಿಯೂ ನೋಡಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ, ಪುತ್ತೂರಿನ ಡ್ರೈವರೊಬ್ಬ ಬಿಲ್ ಹಿಡಿದು ನಿಂತ. "ಎಂತ ಅಕ್ಕ, ಬೋರ್ಡಲ್ಲಿ ಹತ್ತು, ಬಿಲ್ಲಲ್ಲಿ ಹತ್ತೂವರೆ? ಅನ್ನ ಹೊಟ್ಟೆಗೆ ಹೋದ ಮೇಲೆ ರೇಟ್ ಏರ್ತದಾ?"

ಎಲ್ಲರೂ ನಕ್ಕರು. ಅವನ ಹಿಂದೆ ನಿಂತಿದ್ದವನು ನಗಲಿಲ್ಲ. ತೆರಿಗೆ ಇಲಾಖೆಯಿಂದ ತನಿಖೆಗೆ ಬಂದಿದ್ದವನು. ಬಿಲ್ ನೋಡಿದ, ಬೋರ್ಡ್ ನೋಡಿದ, "ಇದನ್ನು ಮಾಡಿಸಿದ್ದು ಯಾರು?" ಎಂದು ಹಿಂದಿಯಲ್ಲಿ ಕೇಳಿದ.

ಹೋಟೆಲಿನ ಧಣಿಗಳು ಪಕ್ಕದಲ್ಲೇ ಇದ್ದರು. ದಂಡ ತರಿಸಿದವರ ವೀಸಾ ಅವತ್ತೇ ಖಲಾಸ್ ಎಂದು ಮೊದಲೇ ಹೇಳಿದ್ದವರು. ಇಲ್ಲೇ ಓದುತ್ತಿದ್ದ ನನ್ನ ಮಗಳ ಹತ್ತನೆಯ ಪರೀಕ್ಷೆಗೆ ಎರಡೇ ತಿಂಗಳಿತ್ತು. ಬಾಯಿ ತೆರೆದೆ, ಸ್ವರ ಬರಲಿಲ್ಲ.

"ನಾನು ಮಾಡಿಸಿದ್ದು," ಎಂದರು ಮ್ಯಾನೇಜರರು.

ದಂಡದ ಚೀಟಿ ಕೈಗೆ ಬಂದದ್ದೇ ಧಣಿಗಳು ಕೂಗಿದರು: "ಇಷ್ಟು ವರ್ಷ ಎಂತ ಮಾಡಿದ್ದು ಮಾರಾಯ್ರೆ, ಬರೀ ಸಾರು ನೆಕ್ಕಿದ್ದಾ?" ಊಟಕ್ಕೆ ಕೂತವರೆಲ್ಲ ಕೈ ತಡೆದು ನೋಡಿದರು. ಮ್ಯಾನೇಜರರು ತಲೆ ಎತ್ತಲಿಲ್ಲ.

ಹಳಬರೆಂದು ವೀಸಾ ಉಳಿಯಿತು. ಆದರೆ ಜೆಬೆಲ್ ಅಲಿಯ ಕಾರ್ಮಿಕರ ಮೆಸ್ಸಿಗೆ, ಮತ್ತೆ ಒಲೆಯ ಮುಂದಕ್ಕೆ ಕಳಿಸಿದರು. ಹೊರಡುವಾಗ ನನಗೆ ಹೇಳಿದ್ದು ಇಷ್ಟೇ: "ಮಗಳ ಪರೀಕ್ಷೆ ಮುಗೀಲಿ. ಇನ್ನು ಕಾಗದ ಓದದೆ ಮೆಷಿನ್ ಮುಟ್ಬೇಡಿ."

ಮರುವರ್ಷ ಅಲ್ಲೇ ಎದೆನೋವು ಬಂದು ತೀರಿಕೊಂಡರು. ರಜೆಯಲ್ಲಿ ಉಡುಪಿಯ ಅವರ ಮನೆಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟು ಎದುರು ಕೂತರು. "ಲೆಕ್ಕ ಅವರ ತಲೆಗೆ ಹೋಗ್ತಿರಲಿಲ್ಲ ನೋಡಿ. ಆ ತೆರಿಗೆಯ ತಪ್ಪೊಂದು ಮಾಡದಿದ್ರೆ ಆ ವಯಸ್ಸಲ್ಲಿ ಬೆಂಕಿ ಮುಂದೆ ನಿಲ್ಬೇಕಿರಲಿಲ್ಲ."

ಮನೆಯಲ್ಲೂ ನಿಜ ಹೇಳಿರಲಿಲ್ಲ ಅವರು.

ಲೋಟ ಕೆಳಗಿಟ್ಟೆ. ಈ ಸಲ ಸ್ವರ ಬಂತು. "ಅಕ್ಕ, ಆ ತಪ್ಪು ಅವರದ್ದಲ್ಲ."