ಅಜ್ಜಿ ತಿನ್ನದ ಬೂಂದಿ

ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ, ಶಾಲೆಯಲ್ಲಿ ಆಗಸ್ಟ್ ಹದಿನೈದರ ಬಾವುಟ ಹಾರಿಸಿದ್ದೇ, ಓಡಿಬಂದು ಪೇಪರಿನ ಪೊಟ್ಟಣವೊಂದನ್ನು ನನ್ನ ಕೈಗಿಟ್ಟು ಹೋದಳು. ಒಳಗೆ ಬೂಂದಿ. ಏಲಕ್ಕಿಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಗರಗೆರೆಯ ಅಜ್ಜಿ, ನಮ್ಮಮ್ಮನ ತಾಯಿ, ನೆನಪಾದಳು.

ಸಿಹಿ ಕಂಡರೆ ನಾನು ಮನುಷ್ಯನೇ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಎರಡು ಸಾವಿರದ ಇಸವಿಯಿಂದೀಚೆಗೆ, ಗೌರಿಬಿದನೂರಿನಲ್ಲಿ ಕೆಲಸಕ್ಕಿದ್ದಾಗ, ಆಗಸ್ಟ್ ಹದಿನೈದಕ್ಕೆ ತಪ್ಪದೆ ಅಜ್ಜಿಯ ಊರಿಗೆ ಹೋಗುತ್ತಿದ್ದೆ. ದೇಶಭಕ್ತಿಯಿಂದೇನೂ ಅಲ್ಲ. ಅವತ್ತು ಅಜ್ಜಿ ಸಿಹಿ ಮುಟ್ಟುತ್ತಿರಲಿಲ್ಲ, ಅವಳ ಪಾಲೂ ನನಗೇ! ಸಕ್ಕರೆ ಕಾಯಿಲೆಯೋ ಎಂದರೆ, ದಸರೆಗೆ ಇನ್ನೂ ದಿನಗಳಿರುವಾಗಲೇ ಒಬ್ಬಟ್ಟು ತಟ್ಟಿ, ತುಪ್ಪ ಸುರಿದುಕೊಂಡು ತಿನ್ನುವಳು.

ಒಂದು ವರ್ಷ ಶಾಲೆಯ ಮೇಷ್ಟ್ರು, ಊರಿಗೆ ಹಿರಿಯಳೆಂದು ಬಾವುಟ ಹಾರಿಸಲು ಅವಳನ್ನೇ ಕರೆದರು. ಅಜ್ಜಿ ಸೆರಗು ಹೊದ್ದು ಹಗ್ಗ ಎಳೆದಳು, ಕೈ ಮುಗಿದಳು. ಮೊದಲ ಬೂಂದಿ ಅವಳಿಗೇ ಕೊಟ್ಟರೆ, ಎಲ್ಲರೆದುರೇ ನನ್ನತ್ತ ಚಾಚಿದಳು. ನನಗೋ ನಾಚಿಕೆ.

"ತಿನ್ನಿ ಅಮ್ಮ, ಸ್ವಾತಂತ್ರ್ಯ ಬಂದ ದಿನ" ಎಂದರು ಮೇಷ್ಟ್ರು.

"ದಿಲ್ಲಿಗ್ ಬಂತು ಸಾಮಿ. ಇಲ್ಗೂ ಬಂತು ಅಂತ ಬೆಲ್ಲ ಹಂಚಿದ್ರು, ನಾನೂ ಚಪ್ಪರಿಸ್ಕೊಂಡ್ ತಿಂದೆ. ಮುಂದಿನ್ ತಿಂಗ್ಳೇ ಪೊಲೀಸ್ರು ನಮ್ಮಣ್ಣನ್ನ ಎಳ್ಕೊಂಡ್ ಹೋದ್ರು. ಬಿಟ್ಟಿದ್ದು ದಸರೆ ಹೊತ್ಗೆ. ಆ ಬೆಲ್ಲ ಇನ್ನೂ ಗಂಟ್ಲಲ್ಲೇ ಐತೆ."

ಸ್ವಾತಂತ್ರ್ಯಕ್ಕೆ ಮುಂಚೆ, ಬಾವುಟ ಹಾರಿಸಲು ಸೇರಿದವರ ಮೇಲೆ ನಡೆದ ವಿದುರಾಶ್ವತ್ಥದ ಗೋಲಿಬಾರು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ದೇಶ ಸ್ವತಂತ್ರವಾದ ಮೇಲೂ ನಮ್ಮ ಮೈಸೂರು ಸಂಸ್ಥಾನದಲ್ಲಿ ದಿವಾನರ ಆಡಳಿತವೇ ನಡೆದಿತ್ತು. ಜನರ ಸರ್ಕಾರ ಬೇಕೆಂದು ಅಜ್ಜಿಯ ಅಣ್ಣನಂಥವರು ಮತ್ತೆ ಜೈಲು ತುಂಬಬೇಕಾಯಿತು. ಇದನ್ನು ನಾವೆಲ್ಲ ಮರೆತೇಬಿಟ್ಟಿದ್ದೇವೆ. ಅಜ್ಜಿ ಮರೆತಿರಲಿಲ್ಲ, ಪಾಪ.

ಸಾಲಿನ ಮುಂದಿದ್ದ ಪುಟ್ಟ ಹುಡುಗಿಯ ಕೈ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. "ಹಂಗಾದ್ರೆ ನಾವೂ ತಿನ್ಬಾರ್ದಾ ಅಜ್ಜೀ?"

ಅಜ್ಜಿ ಅವಳೆದುರು ಕುಕ್ಕರಗಾಲಲ್ಲಿ ಕೂತಳು. "ನಿಂಗೆ ಅಣ್ಣ ಅವ್ನಾ?"

"ಹೂಂ, ಅಗೋ ಅಲ್ಲಿ."

"ಸಾಯಂಕಾಲ ಮನೆಗ್ ಬರ್ತಾನಲ್ಲ?"

"ಬರ್ತಾನೆ."

"ಮತ್ತೇನು? ತಿನಮ್ಮಾ, ತಿನ್ನು. ನಿಂಗೆ ಬಂದೈತೆ ಸ್ವಾತಂತ್ರ್ಯ."

ನನಗೆ ಅಳು ಬಂತು. ಕೈಲಿದ್ದ ಅವಳ ಪಾಲಿನ ಬೂಂದಿ ಅವತ್ತು ಒಳಗಿಳಿಯಲಿಲ್ಲ.

ಅಜ್ಜಿ ಹೋಗಿ ವರ್ಷಗಳಾದವು. ಇವತ್ತು ಪೊಟ್ಟಣ ಬಿಚ್ಚಿ, ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಮಧ್ಯಾಹ್ನವಾಯಿತು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು. ತೋಟದಿಂದ ಬಂದ ನಮ್ಮಣ್ಣ ಒಮ್ಮೆ ನನ್ನನ್ನೂ ಒಮ್ಮೆ ಬೂಂದಿಯನ್ನೂ ನೋಡಿ ಗಾಬರಿಯಾದ.

"ಯಾಕೋ, ಇನ್ನೂ ತಿಂದಿಲ್ಲ? ಹುಷಾರಾಗಿದ್ದೀಯೇನೋ?"

"ನೀನ್ ಬರ್ಲಿ ಅಂತಿದ್ದೆ ಕಣಣ್ಣ" ಎಂದೆ.